ಬಾಗಿಲಲ್ಲೇ ಮುಗಿಯುವ ವಿಮರ್ಶೆ

ಕನ್ನಡದಲ್ಲಿ ನಾಟಕದ ವಿಮರ್ಶೆ ಪರದೆ ಎದ್ದ ಮೇಲೆ ಶುರುವಾಗುತ್ತದೆ. ಯಾರು ಹೇಗೆ ನಟಿಸಿದರು, ನಿರ್ದೇಶಕ ಪಠ್ಯವನ್ನು ಹೇಗೆ ಗ್ರಹಿಸಿದ ಎಂದೆಲ್ಲ ಬರೆಯುತ್ತೇವೆ. ಆದರೆ ಪರದೆ ಏಳುವ ಮೊದಲೇ ಇನ್ನೊಂದು ವಿಮರ್ಶೆ ನಡೆದು ಮುಗಿದಿರುತ್ತದೆ. ಯಾವ ನಾಲಿಗೆ ರಂಗಕ್ಕೆ ಲಾಯಕ್ಕು, ಯಾವ ಮೈ ಲಾಯಕ್ಕು ಎಂದು ತೀರ್ಮಾನಿಸುವ ವಿಮರ್ಶೆ. ಅದರ ಹೆಸರು ಆಯ್ಕೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಯಾಕೆಂದರೆ ಬರೆಯುವವರು ಬಹುಪಾಲು ಆ ಬಾಗಿಲನ್ನು ಸಲೀಸಾಗಿ ದಾಟಿ ಬಂದವರು.

ಮಕ್ಕಳ ಬೇಸಿಗೆ ರಂಗಶಿಬಿರಗಳನ್ನೇ ತೆಗೆದುಕೊಳ್ಳಿ. 'ಬೇಸಿಗೆ ರಜೆ' ಅನ್ನುವ ಮಾತು ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ನಮ್ಮ ಕಡೆ ಏಪ್ರಿಲ್ ಬಂತೆಂದರೆ ಕೇರಿಯ ಹೈಸ್ಕೂಲು ಹುಡುಗರು ಅವ್ವ ಅಪ್ಪನ ಜೊತೆ ಕೂಲಿಗೆ ಹೊರಡುತ್ತಾರೆ. ಕೆಲವರು ಕೊಡಗಿನ ತೋಟಗಳಿಗೆ. ಶಿಬಿರದ ಶುಲ್ಕ ಹೊಂದಿಸುವುದು ಒಂದು ಪಾಡು, ತಿಂಗಳ ಕೂಲಿ ಬಿಟ್ಟುಕೊಡುವುದು ಇನ್ನೊಂದು ಪಾಡು. ಎರಡನ್ನೂ ದಾಟಿದವನು ಮಾತ್ರ ಆಯ್ಕೆಯ ಕೋಣೆ ಮುಟ್ಟುತ್ತಾನೆ.

ಒಂಬತ್ತನೇ ತರಗತಿಯಲ್ಲಿ ನಾನು ಅಂಥ ಒಂದು ಕೋಣೆಯಲ್ಲಿ ನಿಂತಿದ್ದೆ. ಕುವೆಂಪು ಅವರ 'ಜಲಗಾರ'ದ ಒಂದು ಪುಟ ಕೊಟ್ಟು ಓದು ಅಂದರು. ನಮ್ಮ ಕೇರಿಯ ಕನ್ನಡದಲ್ಲಿ ಹಸು ಅಸುವಾಗುತ್ತದೆ, ಹಾಲು ಆಲಾಗುತ್ತದೆ, ಶಿವ ಸಿವನಾಗುತ್ತಾನೆ. ನಾನು 'ಸಿವ' ಅಂದೆ. ಮೇಜಿನ ಹಿಂದಿದ್ದವರು ನಕ್ಕರು. ಕೆಟ್ಟ ನಗುವಲ್ಲ, ಮುದ್ದಿನ ನಗು. ಇವತ್ತಿಗೂ ಉರಿಯುವುದು ಅದೇ. "ಬೇರೆ ಏನ್ ಬರುತ್ತಪ್ಪಾ ನಿಂಗೆ?" "ತಮಟೆ ಬತ್ತದೆ ಸಾರ್." ಮೇಜಿನ ಮೇಲೆ ಬಾರಿಸಿ ತೋರಿಸಿದೆ. ಆಯ್ಕೆಯೂ ಆದೆ. ಶಿಬಿರದ ಕೊನೆಯ ದಿನ ಜಲಗಾರನಾದವನು ಉಚ್ಚಾರ ಸ್ಪಷ್ಟವಿದ್ದ ಪೇಟೆಯ ಹುಡುಗ. ನಾನು ಜಾತ್ರೆಯ ಗುಂಪಿನ ಹಿಂದೆ ತಮಟೆ ಹೊಡೆದೆ. ಇನ್ನು ಊರ ಹಬ್ಬಕ್ಕೆ ತಮಟೆ ಹೊಡೆಯಲ್ಲ ಎಂದು ಸಂಘದವರ ಜೊತೆ ನಿಂತು ಪೆಟ್ಟು ತಿಂದವನು ನಮ್ಮಪ್ಪ. ಕೇರಿಯಲ್ಲಿ ನಾವು ನಮ್ಮ ಖುಷಿಗೆ ಬಾರಿಸುತ್ತಿದ್ದೆವು, ಅದು ಬೇರೆ. ಊರು ಕೈಬಿಟ್ಟ ಚಾಕರಿಯನ್ನು ರಂಗ ಮತ್ತೆ ನನ್ನ ಕೊರಳಿಗೆ ಕಟ್ಟಿತು.

ಹಾಗಾಗಿ ಹೊರಗಿಡುವುದು ಮಾತ್ರ ಸಮಸ್ಯೆಯಲ್ಲ, ಒಳಗೆ ಎಲ್ಲಿ ನಿಲ್ಲಿಸುತ್ತಾರೆ ಎಂಬುದೂ ಸಮಸ್ಯೆ.

ಇಲ್ಲಿ ತಕರಾರು ಕುವೆಂಪು ಮೇಲಲ್ಲ. 1928ರಲ್ಲಿ ಬೀದಿ ಗುಡಿಸುವವನ ಬಾಯಿಗೆ ಕಾವ್ಯದ ಕನ್ನಡ ಕೊಟ್ಟು, ಶಿವನನ್ನೇ ಜಲಗಾರನ ವೇಷದಲ್ಲಿ ಅವನೆದುರು ತಂದ ನಾಟಕ ಅದು. ಆದರೆ ಕವಿಯ ಪಠ್ಯಕ್ಕೆ ಬಂದ ಸಮತೆ ಆಯ್ಕೆ ಮಾಡುವವರ ಕಿವಿಗೆ ಬರಲಿಲ್ಲ. ಜಲಗಾರನ ಪಾತ್ರಕ್ಕೆ ಘನತೆ ಸಿಕ್ಕಿತು. ಜಲಗಾರರ ಮನೆಯ ಹುಡುಗನಿಗೆ ಆ ಪಾತ್ರ ಸಿಗಲಿಲ್ಲ. ಕನ್ನಡ ರಂಗಭೂಮಿಯ ರೂಢಿಯೇ ಹೀಗೆ: ಗಾಂಭೀರ್ಯ ಬೇಕಾದಾಗ ಶಿಷ್ಟರ ಕನ್ನಡ, ನಗು ಬೇಕಾದಾಗ ನಮ್ಮ ಕನ್ನಡ. ಆಳು, ಕುಡುಕ, ಪೇದೆ ಬಂದರೆ ಹಕಾರ ಬಿದ್ದುಹೋಗುತ್ತದೆ. ಬಾಗಿಲಲ್ಲಿ ದೋಷವಾದದ್ದು ರಂಗದ ಮೇಲೆ ಹಾಸ್ಯವಾಗುತ್ತದೆ.

ಈ ಭಾಷೆ ದುಃಖವನ್ನು ಹೊರಲಾರದೇ? 1984ರಲ್ಲೇ ದೇವನೂರ ಮಹಾದೇವ 'ಕುಸುಮಬಾಲೆ'ಯಲ್ಲಿ ಉತ್ತರ ಕೊಟ್ಟಿದ್ದಾರೆ. ಕೊಲೆ, ಪ್ರೀತಿ, ಹಸಿವು ಎಲ್ಲವನ್ನೂ ಆ ನಾಲಿಗೆಯೇ ಹೊತ್ತಿದೆ. ಸಿ. ಬಸವಲಿಂಗಯ್ಯ ಅದನ್ನು ರಂಗಕ್ಕೂ ತಂದರು. ಹೀಗಿದ್ದೂ ಆಯ್ಕೆಯ ಕೋಣೆಗಳಲ್ಲಿ ಓದಲು ಕೊಡುವ ಪುಟಗಳಲ್ಲಿ ಈ ಕನ್ನಡಕ್ಕೆ ಜಾಗ ಅಪರೂಪ.

ನಟನಿಗೆ ಉಚ್ಚಾರ ಬೇಡವೇ ಎಂದು ಗೆಳೆಯರು ಕೇಳುತ್ತಾರೆ. ಬೇಕು ಸ್ವಾಮಿ, ಖಂಡಿತ ಬೇಕು. ಅದನ್ನು ಕಲಿಸುವುದಕ್ಕೇ ತಾನೆ ಶಿಬಿರ? ಒಳಗೆ ಕಲಿಸಬೇಕಾದ್ದನ್ನು ಬಾಗಿಲಲ್ಲಿ ಪರೀಕ್ಷಿಸಿದರೆ ಅದು ಪ್ರತಿಭೆಯ ಪರೀಕ್ಷೆಯಲ್ಲ, ಮನೆಯ ಪರೀಕ್ಷೆ. ಇನ್ನೊಂದು ಮಾತು: ನಾನು 'ಶಿವ' ಕಲಿಯಬೇಕಾದರೆ, ಆ ಪೇಟೆಯ ಹುಡುಗ 'ಸಿವ' ಕಲಿಯುವುದು ಬೇಡವೇ? ಅದೂ ನಟನ ತರಬೇತಿಯೇ ಅಲ್ಲವೇ?

1975ರಲ್ಲಿ ಹುಟ್ಟಿದ ಸಮುದಾಯ ನಾಟಕವನ್ನು ಬೀದಿಗೆ ತಂದಿತು. 1985ರಿಂದ ನೀನಾಸಂ ತಿರುಗಾಟ ಅದನ್ನು ಊರೂರಿಗೆ ಒಯ್ದಿತು. ಇದು ಸಣ್ಣ ಕೆಲಸವಲ್ಲ. ನಾಟಕ ಊರಿಗೆ ಹೋಯಿತು, ಸರಿ. ಕೇರಿಯ ನಾಲಿಗೆ ರಂಗದ ನಡುವಿಗೆ ಬಂತೇ ಎಂಬುದು ಇನ್ನೂ ಉಳಿದಿರುವ ಪ್ರಶ್ನೆ.

ಏಕಲವ್ಯನ ಕಥೆಯನ್ನು ನಾವು ಕತ್ತರಿಸಿದ ಬೆರಳಿನ ಕಥೆಯಾಗಿಯೇ ಓದುತ್ತಾ ಬಂದಿದ್ದೇವೆ. ಬೆರಳಿಗೂ ಮೊದಲು ದ್ರೋಣ ಅವನನ್ನು ಸೇರಿಸಿಕೊಳ್ಳದೆ ವಾಪಸು ಕಳಿಸಿದ್ದ. ಆ ಮೊದಲ ದೃಶ್ಯವನ್ನು ಓದುವುದು ದಲಿತ ವಿಮರ್ಶೆಯ ಕೆಲಸ. ಪ್ರದರ್ಶನ ನೋಡಿ ಬರೆಯುವ ಗೆಳೆಯರು ಇನ್ನು ಮೇಲೆ ಮೂರು ಪ್ರಶ್ನೆ ಕೇಳಲಿ: ಓದಲು ಯಾವ ಪುಟ ಕೊಟ್ಟಿರಿ? ಯಾರನ್ನು ಎಲ್ಲಿ ನಿಲ್ಲಿಸಿದಿರಿ? ಮೇಜಿನ ಹಿಂದೆ ಕೂತವರಲ್ಲಿ ಕೇರಿಯ ಕಿವಿ ಇದ್ದವರು ಒಬ್ಬರಾದರೂ ಇದ್ದರೇ? ಇವಕ್ಕೆ ಉತ್ತರ ಸಿಕ್ಕ ಮೇಲೆ ಬೆಳಕಿನ ವಿನ್ಯಾಸದ ಬಗ್ಗೆ ನಿಧಾನವಾಗಿ ಮಾತಾಡೋಣ.