ಕೋಡಿಯಮಠದ ಶಾಸನ: ದಾನವೂ ಹಕ್ಕೂ

ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದ ಮೇಲೆ, ಕಾಳಾಮುಖರ ಚರಿತ್ರೆಯನ್ನು ಬರೆದವರೂ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರೂ ಇದನ್ನು ಬಳಸಿಕೊಂಡಿರುವರು. ಆದರೆ, ರಾಜ್ಯದ ಧನವು ದೀನರಿಗೆ ಯಾವ ರೀತಿಯಲ್ಲಿ ಸಲ್ಲಬೇಕೆಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇದನ್ನು ಓದಿದವರು ವಿರಳ. ಇಲ್ಲಿ ಅದನ್ನೇ ವಿಚಾರಿಸುವೆವು.

ಕಳಚುರಿ ಬಿಜ್ಜಳನು ಬಳ್ಳಿಗಾವೆಗೆ ಬಂದಿದ್ದಾಗ, ವಾಮಶಕ್ತಿ ಪಂಡಿತರು ಆಚಾರ್ಯರಾಗಿದ್ದ ಈ ಸ್ಥಾನಕ್ಕೆ ದತ್ತಿ ದೊರೆಯಿತು. ಶಾಸನಕವಿಯು ಮಠವನ್ನು ವರ್ಣಿಸುವಾಗ ಮೊದಲು ವೇದ, ವ್ಯಾಕರಣ, ದರ್ಶನಗಳನ್ನು ಹೇಳುತ್ತಾನೆ. ದರ್ಶನಗಳಲ್ಲಿ ಬೌದ್ಧವೂ ಸೇರಿದೆ. ಅನಂತರ ಅನ್ನದಾನಕ್ಕೆ ಬರುತ್ತಾನೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕರು, ನರ್ತಕರು, ಕ್ಷಪಣಕರು, ನಾನಾ ದೇಶದ ಭಿಕ್ಷುಕರು: ಎಲ್ಲರಿಗೂ ಅಲ್ಲಿ ಊಟವುಂಟು. ರೋಗಿಗಳಿಗೆ ಚಿಕಿತ್ಸೆಯುಂಟು, ಸಕಲ ಪ್ರಾಣಿಗಳಿಗೂ ಅಭಯವುಂಟು. ಶೈವಮಠವೊಂದು ಅನ್ಯಮತದ ಸಂನ್ಯಾಸಿಗಳನ್ನು ತನ್ನ ಪಂಕ್ತಿಯಲ್ಲಿ ಎಣಿಸಿಕೊಂಡುದು ಸಾಮಾನ್ಯವಾದ ಸಂಗತಿಯಲ್ಲ.

ಆದರೂ ಈ ಗದ್ಯದ ಅನ್ವಯವನ್ನು ಗಮನಿಸಬೇಕು. ಇಷ್ಟು ಮಂದಿಯೂ ಬರುವುದು ‘ಸ್ಥಾನ’ ಎಂಬ ಒಂದು ಪದಕ್ಕೆ ವಿಶೇಷಣವಾಗಿ. ಕುರುಡನು ಇಲ್ಲಿ ಮಠದ ಕೀರ್ತಿಗೆ ಅಲಂಕಾರವೇ ಹೊರತು, ತನಗೆ ಇಂತಹುದು ಸಲ್ಲಬೇಕೆಂದು ಕೇಳಬಲ್ಲ ಕರ್ತೃವಲ್ಲ. ಉಣ್ಣುವವನ ಬಾಯಿ ಶಾಸನದಲ್ಲಿ ಎಲ್ಲಿಯೂ ಮಾತಾಡುವುದಿಲ್ಲ. ಕರುಣೆಯು ಇಲ್ಲಿ ಪೂರ್ಣವಾಗಿದೆ. ಸಮಾನತೆಯು ಇನ್ನೂ ಹುಟ್ಟಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನಿಟ್ಟು ನೋಡಬಹುದು. ಭಾರತದ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣದಲ್ಲಿಯೂ ಅಂಗವಿಕಲರು ಬರುತ್ತಾರೆ; ಅವರೊಡನೆ ಪರಿಶಿಷ್ಟ ಜಾತಿ ಪಂಗಡಗಳವರು, ಸ್ತ್ರೀಯರು, ಮಕ್ಕಳು, ಬಿಟ್ಟಿಬೇಗಾರಿಗೆ ಸಿಕ್ಕಿದವರು, ಬಂಧನದಲ್ಲಿರುವವರು. ಅದರ ಗದ್ಯದಲ್ಲಿ ಶಾಸನದ ಸೊಬಗು ಲೇಶವೂ ಇಲ್ಲ. ಆದರೆ ವಾಕ್ಯದ ಕರ್ತೃ ಬದಲಾಗಿದ್ದಾನೆ: ನೆರವಿಗೆ ಇವರು ಹಕ್ಕುಳ್ಳವರೆಂದು ಅದು ವಿಧಿಸುತ್ತದೆ. ಇದೇ ಅಧಿನಿಯಮದ 4ನೆಯ ಪ್ರಕರಣವು ಸ್ವಯಂಸೇವಾ ಸಂಸ್ಥೆಗಳಿಗೆ ಸಹಾಯಧನವನ್ನು ಕೊಡಲು ಅವಕಾಶ ಮಾಡಿದೆ.

ಇಲ್ಲಿಯೇ ತೊಡಕು. ಅನ್ನವನ್ನು ಉಂಡವನು ದಾನಿಯನ್ನು ಹರಸಿ ಹೋಗುತ್ತಾನೆ. ನ್ಯಾಯವನ್ನು ಬೇಡುವವನು ದಾನಿಯಾದ ಸರ್ಕಾರದ ಮೇಲೆಯೇ ವ್ಯಾಜ್ಯ ಹೂಡಬಹುದು. ಅಂಥವನಿಗೆ ಬೆಂಬಲವಾಗಿ ನಿಲ್ಲುವ ಸಂಸ್ಥೆಗೆ ಬೊಕ್ಕಸವು ಹಣ ಕೊಡಬೇಕೆ? ಕೊಟ್ಟ ಮೇಲೆ, ಮಾತು ಕಹಿಯಾಯಿತೆಂದು ಕೈಹಿಡಿಯಬಹುದೆ? ಹಿಡಿಯಬಹುದೆಂದರೆ ಹಕ್ಕು ಮತ್ತೆ ಭಿಕ್ಷೆಯಾಯಿತು. ಲೆಕ್ಕ ಕೇಳುವುದು ಬೇರೆ, ಬಾಯಿ ಕಟ್ಟುವುದು ಬೇರೆ.

ಈ ಪ್ರಶ್ನೆಗೆ ನಮ್ಮ ದಾನಶಾಸನಗಳಲ್ಲಿಯೇ ಒಂದು ಉತ್ತರವುಂಟು. ಅವುಗಳ ತುದಿಯಲ್ಲಿ ಸಾಮಾನ್ಯವಾಗಿ ಬರುವ ಶಾಪವಾಕ್ಯವನ್ನು ನಾವು ಸಂಪ್ರದಾಯವೆಂದು ದಾಟಿಬಿಡುವೆವು. ಪರರು ಕೊಟ್ಟುದನ್ನು ಮಾತ್ರವಲ್ಲ, ತಾನೇ ಕೊಟ್ಟುದನ್ನು ಅಪಹರಿಸಿದವನಿಗೂ ಅದು ಅರುವತ್ತು ಸಾವಿರ ವರ್ಷಗಳ ಕ್ರಿಮಿಜನ್ಮವನ್ನು ವಿಧಿಸುತ್ತದೆ. ಕೊಡುವ ಕೈಯನ್ನೇ ಕಟ್ಟಿದ ಈ ಮಾತು, ನಮ್ಮ ಅಭಿಪ್ರಾಯದಲ್ಲಿ, ಸ್ತುತಿಗದ್ಯವೆಲ್ಲಕ್ಕಿಂತಲೂ ಬೆಲೆಯುಳ್ಳದ್ದು. ಈಗ ಶಾಪಕ್ಕೆ ಅಂಜುವವರಿಲ್ಲ. ಆ ಸ್ಥಾನದಲ್ಲಿ ವಿಧಿಯು ನಿಲ್ಲಬೇಕು.