ಬಿದರಿಯ ಹೂವು, ಪೀಣ್ಯದ ಜಾಲರಿ

ಹದಿನೇಳನೆಯ ಶತಮಾನದ ಹಲವು ಬಿದರಿ ಹುಕ್ಕಾ ಪಾತ್ರೆಗಳ ಮೇಲೆ ಸಾಲು ಹೂಗಿಡಗಳಿವೆ. ಅವುಗಳಿಗೆ ನೆರಳಿಲ್ಲ, ಆಳವಿಲ್ಲ; ಎಡದ ಎಲೆ ಬಲದ ಎಲೆಯ ಪ್ರತಿಬಿಂಬದಂತಿರುತ್ತದೆ. ನೈಜತೆ ಸಾಲದೆಂದು ಇದನ್ನು ಕೊರತೆಯಾಗಿ ಎಣಿಸುವವರುಂಟು. ತಯಾರಿಕೆಯ ವಿಧಾನವನ್ನು ಗಮನಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ.

ಬಿದರಿ ಪಾತ್ರೆಯ ಮಿಶ್ರಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದ ಪಾತ್ರೆಯನ್ನು ಅರದಿಂದ ನಯಗೊಳಿಸಿ, ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಚಿತ್ರ ಕೊರೆದು, ಆ ತೋಡುಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸಿ, ಮತ್ತೆ ಅರ ಹಾಕಿ ಎರಡೂ ಲೋಹಗಳನ್ನು ಒಂದೇ ಮಟ್ಟಕ್ಕೆ ತರುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಲೇಪನದಿಂದ ಮಿಶ್ರಲೋಹ ಕಪ್ಪಾಗುತ್ತದೆ. ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಹೀಗೆ ದೊರೆಯುವುದು ಎರಡೇ ಬಣ್ಣ, ಒಂದೇ ಮಟ್ಟ. ಅಂದವೆಲ್ಲ ಹೊರರೇಖೆಯಲ್ಲಿದೆ. ಹೂವನ್ನು ಇದ್ದಂತೆಯೇ ಚಿತ್ರಿಸಿ ಅಲಂಕಾರಕ್ಕೆ ಬಳಸಬಾರದೆಂದು ಓವೆನ್ ಜೋನ್ಸ್ 1856ರಲ್ಲಿ ಲಂಡನ್ನಿನಲ್ಲಿ ನಿಯಮ ಬರೆದರು. ಬೀದರಿನ ಕುಶಲಕರ್ಮಿಗಳು ಅದಕ್ಕೂ ಬಹಳ ಮೊದಲೇ ಹಾಗೆ ನಡೆದುಕೊಂಡಿದ್ದರು.

ಸಮಮಿತಿಗೂ ಕಾರಣವಿದೆ. ದುಂಡನೆಯ ಪಾತ್ರೆಯ ಸುತ್ತ ಗಿಡಗಳ ಸಂಖ್ಯೆ ಪೂರ್ಣಾಂಕವಾಗಿರಬೇಕು. ಇಲ್ಲದಿದ್ದರೆ ಕೊನೆಯ ಗಿಡ ತುಂಡಾಗುತ್ತದೆ. ಒಂದೇ ಬಗೆಯ ಆರು ಗಿಡಗಳಿದ್ದರೆ ಪಾತ್ರೆಯನ್ನು 60 ಡಿಗ್ರಿ ತಿರುಗಿಸಿದಾಗಲೂ ನೋಟ ಅದೇ. ಅಂದರೆ ಕೊರೆಯುವ ಮೊದಲೇ ಸುತ್ತಳತೆಯನ್ನು ಸಮನಾಗಿ ಭಾಗಿಸಿರಬೇಕು.

ಇಂದು ಲೋಹದ ಮೇಲೆ ವಿನ್ಯಾಸ ಕೊರೆಯುವ ಕೆಲಸ ಪೀಣ್ಯದ ಲೇಸರ್ ಯಂತ್ರಗಳಿಗೂ ಬಂದಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಟ್ಟಡಗಳಲ್ಲಿ ಉಕ್ಕಿನ ಜಾಲರಿಗಳನ್ನು ಕಂಡಾಗ ಅವುಗಳ ಅಂಚನ್ನು ನೋಡಿ. ನಡುವೆ ಎಲ್ಲವೂ ಅಚ್ಚುಕಟ್ಟು. ಅಂಚಿನಲ್ಲಿ ಮಾತ್ರ ಎಷ್ಟೋ ಕಡೆ ನಕ್ಷತ್ರ ಅರ್ಧಕ್ಕೇ ಕತ್ತರಿಸಿಹೋಗಿರುತ್ತದೆ. ತಪ್ಪು ಯಂತ್ರದ್ದಲ್ಲ. ತಂತ್ರಾಂಶ ಒಂದು ಘಟಕವನ್ನು ಪಕ್ಕಪಕ್ಕಕ್ಕೆ ಜೋಡಿಸುತ್ತ ಹೋಗುತ್ತದೆ. ಎಲ್ಲಿ ನಿಲ್ಲಬೇಕೆಂದು ವಿನ್ಯಾಸಕಾರನೇ ಹೇಳಬೇಕು. 1200 ಮಿ.ಮೀ. ಅಗಲ, 2400 ಮಿ.ಮೀ. ಎತ್ತರದ ಹಾಳೆಯಲ್ಲಿ 70 ಮಿ.ಮೀ. ಚೌಕದ ಘಟಕ ಎರಡು ದಿಕ್ಕಿಗೂ ಸರಿಹೊಂದದು. 75 ಮಿ.ಮೀ. ಆದರೆ ಅಡ್ಡಕ್ಕೆ 16, ಉದ್ದಕ್ಕೆ 32 ಸರಿಯಾಗಿ ಕೂರುತ್ತವೆ. ಬೇಕಾದದ್ದು ಒಂದು ಭಾಗಾಕಾರ ಅಷ್ಟೆ.

ಶಿಕ್ಷಕರು ಸಮಮಿತಿಯ ಪಾಠವನ್ನು ಚಿಟ್ಟೆಯ ಚಿತ್ರಕ್ಕೆ ಮುಗಿಸದೆ, ಹತ್ತಿರದ ಜಾಲರಿಯೊಂದನ್ನು ಮಕ್ಕಳಿಂದ ಅಳೆಸಬಹುದು. ಚೌಕ ಜಾಲದಲ್ಲಿ ಕೂರಿಸಿದ ಎಂಟು ಮೂಲೆಯ ನಕ್ಷತ್ರವನ್ನು 45 ಡಿಗ್ರಿ ತಿರುಗಿಸಿದರೆ ನಕ್ಷತ್ರ ಬದಲಾಗದು, ಇಡೀ ವಿನ್ಯಾಸ ಬದಲಾಗುತ್ತದೆ. ಅದಕ್ಕೆ 90 ಡಿಗ್ರಿಯೇ ಬೇಕು. ಏಕೆಂದು ಕೇಳಿ. ಹೀಗೆ ಕಲಿತ ವಿದ್ಯಾರ್ಥಿ ನಾಳೆ ಪೀಣ್ಯದಲ್ಲಿ ನಕ್ಷೆ ಬರೆಯುವಾಗ ಅಂಚಿನ ನಕ್ಷತ್ರವನ್ನು ಕತ್ತರಿಸಲಾರ.