ಗೋಧಿ ಬಿಯರಿನ ಮಬ್ಬು

ತಿಳಿಯಾದ ಲಾಗರ್ ಕುಡಿದು ರೂಢಿಯಾದವರ ಮುಂದೆ ಜರ್ಮನಿಯ ಬವೇರಿಯಾದ ಗೋಧಿ ಬಿಯರ್ ಹೆಫೆವೈಟ್ಸೆನ್ ಬಂದು ಕೂತರೆ ಮೊದಲು ಕಾಡುವುದು ಅನುಮಾನವೇ. ಬಣ್ಣ ಹೊನ್ನಿನದು, ಆದರೆ ಲೋಟದಾಚೆಗಿನ ಬೆರಳು ಕಾಣದಷ್ಟು ಮಬ್ಬು. ಕೆಟ್ಟಿರಬಹುದೇ? ಇಲ್ಲ. ಗೋಧಿಯ ಪ್ರೋಟೀನು ಮತ್ತು ಸೋಸದೆ ಉಳಿಸಿದ ಯೀಸ್ಟು ಸೇರಿ ಆದ ಮಬ್ಬು ಅದು. ಈ ಬಿಯರಿನ ರುಚಿಯ ಬಹುಪಾಲು ಆ ಯೀಸ್ಟಿನದೇ ಕೊಡುಗೆ.

ಇದು ಬೇಸಿಗೆಗೆ ಒಗ್ಗಿದ್ದರ ಹಿಂದೆಯೂ ಯೀಸ್ಟಿದೆ. ಲಾಗರಿನ ಯೀಸ್ಟಿಗೆ ತಂಪು ಬೇಕು. ಗೋಧಿ ಬಿಯರಿನದು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚುರುಕಾಗುತ್ತದೆ. ಆ ಬೆಚ್ಚನೆಯ ಹುದುಗುವಿಕೆಯಲ್ಲಿ ಹುಟ್ಟುವ ಐಸೊಅಮೈಲ್ ಅಸಿಟೇಟ್ ಮಾಗಿದ ಬಾಳೆಹಣ್ಣಿನಲ್ಲೂ ಇರುವ ವಸ್ತು. ಜೊತೆಗೆ ಲವಂಗದ ಘಮಲು. ಬಾಳೆಯನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ. ಹಾಪ್ಸ್ ಕಡಿಮೆಯಾದ್ದರಿಂದ ಕಹಿಯೂ ಅಷ್ಟಾಗಿ ಇಲ್ಲ.

1516ರ ಬವೇರಿಯಾದ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಒಪ್ಪಿತ್ತು. ಗೋಧಿ ಬಿಯರ್ ತಯಾರಿಸಲು ವಿಶೇಷ ಹಕ್ಕು ಬೇಕಿತ್ತು. 1602ರಲ್ಲಿ ಆ ಹಕ್ಕು ಡ್ಯೂಕ್ ಮನೆತನದ ಕೈಸೇರಿತು. ಜನರ ಒಲವು ಲಾಗರಿನತ್ತ ತಿರುಗಿದ್ದ ಕಾಲದಲ್ಲಿ, 1872ರಲ್ಲಿ, ಬಿಯರ್ ತಯಾರಕ ಗೆಯೊರ್ಗ್ ಶ್ನೈಡರ್ ಆ ಹಕ್ಕನ್ನು ಪಡೆದು ಮ್ಯೂನಿಕ್ಕಿನಲ್ಲಿ ಗೋಧಿ ಬಿಯರನ್ನು ಉಳಿಸಿಕೊಂಡರು.

ಇನ್ನು ಸುರಿಯುವ ಬಗೆ. ಬುಡ ಕಿರಿದಾಗಿ ಮೇಲಕ್ಕೆ ಅಗಲವಾಗುವ ಅರ್ಧ ಲೀಟರಿನ ಎತ್ತರದ ಲೋಟವೇ ಬೇಕು, ಏಕೆಂದರೆ ನೊರೆ ವಿಪರೀತ. ಲೋಟವನ್ನು ತಣ್ಣೀರಿನಲ್ಲಿ ಜಾಲಿಸಿ, ಓರೆಯಾಗಿ ಹಿಡಿದು, ಅವಸರವಿಲ್ಲದೆ ಸುರಿಯಬೇಕು. ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ, ಅದನ್ನು ಮೆಲ್ಲಗೆ ತಿರುಗಿಸಿ, ಅಡಿಗಿಳಿದ ಯೀಸ್ಟನ್ನೂ ಎಬ್ಬಿಸಿ ಸುರಿದರೆ ಮಾತ್ರ ಬಿಯರ್ ಪೂರ್ತಿಯಾಗುತ್ತದೆ.

ಬಿಸಿಲಿನ ಝಳಕ್ಕೆ ಹಿಮದಂತೆ ಕೊರೆಯುವುದನ್ನೇ ಕೇಳುವ ಆಸೆ ಸಹಜ, ಆದರೆ ಅತಿಯಾದ ತಂಪಿನಲ್ಲಿ ಪರಿಮಳ ಮೇಲೇಳುವುದೇ ಇಲ್ಲ. 7–8 ಡಿಗ್ರಿ ಸಾಕು. ಮೊದಲು ಮೂಗು, ಆಮೇಲೆ ನಾಲಿಗೆ. ನಿಂಬೆಯ ಬಿಲ್ಲೆಯೂ ಬೇಡ. ಅದರ ಹುಳಿ ನೊರೆಯನ್ನು ಇಳಿಸುತ್ತದೆ, ಅದರ ವಾಸನೆ ಬಾಳೆಯ ಘಮವನ್ನು ಮುಚ್ಚಿಹಾಕುತ್ತದೆ. ಸುಮಾರು 5 ಪ್ರತಿಶತ ಮದ್ಯಸಾರವಿರುವುದರಿಂದ ಬಾಯಾರಿಕೆಗೆ ನೀರು ಬೇರೆ ಇರಲಿ. ಮ್ಯೂನಿಕ್ಕಿನವರು ಇದನ್ನು ಬೆಳಗಿನ ತಿಂಡಿಗೂ ಕುಡಿಯುತ್ತಾರೆ: ಬಿಳಿ ಸಾಸೇಜು, ಸಿಹಿ ಸಾಸಿವೆ, ಪ್ರೆಟ್ಜೆಲ್ ಜೊತೆಗೆ.

ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲೂ ಹೆಫೆವೈಟ್ಸೆನ್ ಪರಿಚಿತ ಹೆಸರು. ಅಲ್ಲಿ ನಲ್ಲಿಯಿಂದ ಬರುವುದರಿಂದ ಬಾಟಲಿಯ ವಿಧಿಗಳಿಲ್ಲ. ಮೂಗಿನ ಕೆಲಸ ಮಾತ್ರ ಅದೇ. ಸೋಸಿದ ಗೋಧಿ ಬಿಯರಾದ ಕ್ರಿಸ್ಟಾಲ್‌ವೈಟ್ಸೆನ್ ಎಲ್ಲಾದರೂ ಸಿಕ್ಕರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕುಡಿದು ನೋಡಬೇಕು. ಯೀಸ್ಟು ತುಂಬುವ ಮೈ ಎಂಥದು ಎಂಬುದು ಎರಡನೆಯ ಗುಟುಕಿಗೇ ಗೊತ್ತಾಗುತ್ತದೆ.